ಕರ್ನಾಟಕದಲ್ಲಿ ಶಿಶು ಮತ್ತು ಪ್ರಸವಕಾಲೀನ ಆರೋಗ್ಯ: ಇತಿಹಾಸ

ಗರ್ಭದ 28ನೆಯ ವಾರದಿಂದ ಮಗು ಹುಟ್ಟಿ ಏಳು ದಿನ ಕಳೆಯುವವರೆಗಿನ ಅವಧಿಯನ್ನು ಪ್ರಸವಕಾಲವೆಂದೂ ಒಂದು ವರ್ಷ ತುಂಬುವವರೆಗಿನದನ್ನು ಶೈಶವವೆಂದೂ ಭಾರತದ ಜನನ-ಮರಣ ಲೆಕ್ಕಗಳಲ್ಲಿ ಗಣಿಸಲಾಗುತ್ತದೆ. ಕರ್ನಾಟಕದಲ್ಲಿ 1971ರಲ್ಲಿ ಸಾವಿರ ಜೀವಂತ ಜನನಗಳಿಗೆ 95ರಷ್ಟಿದ್ದ ಶಿಶು ಮರಣ 2020ರ ಹೊತ್ತಿಗೆ 19ಕ್ಕೆ ಇಳಿಯಿತು. ಈ ಇಳಿಕೆಯನ್ನು ಸರ್ಕಾರಿ ಯೋಜನೆಗಳ ಪಟ್ಟಿಯಾಗಿ ಹೇಳುವುದು ವಾಡಿಕೆ. ಯಾವ ಸಾವನ್ನು ಯಾರು, ಎಲ್ಲಿ, ಏನೆಂದು ಬರೆದುಕೊಂಡರು ಎಂಬ ಪ್ರಶ್ನೆ ಆ ಪಟ್ಟಿಯಲ್ಲಿ ಕಾಣುವುದಿಲ್ಲ.

ಸಂಸ್ಥಾನದ ಕಾಲ

ಮೈಸೂರು ಸಂಸ್ಥಾನದಲ್ಲಿ 1920ರ ದಶಕದ ಕೊನೆಯಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಸಾರ್ವಜನಿಕ ಆರೋಗ್ಯದ ಕೆಲಸ ಚಿಕಿತ್ಸೆಯಿಂದ ಬೇರ್ಪಟ್ಟು ತನ್ನದೇ ರೂಪ ಪಡೆಯಿತು. ಮಲೇರಿಯಾ ಮತ್ತು ಕೊಕ್ಕೆಹುಳು ಆಗಿನ ಮುಖ್ಯ ಗುರಿಗಳು. ಎರಡೂ ಬಸುರಿಯ ರಕ್ತವನ್ನು ಕುಂದಿಸುವ ರೋಗಗಳಾದ್ದರಿಂದ ಶಿಶುವಿನ ತೂಕಕ್ಕೂ ಸಂಬಂಧಪಟ್ಟವು. ಮಂಡ್ಯ ಮತ್ತು ಕ್ಲೋಸ್‌ಪೇಟೆಯ (ಈಗಿನ ರಾಮನಗರ) ಆರೋಗ್ಯ ಘಟಕಗಳು ಭೋರ್ ಸಮಿತಿಯ 1946ರ ವರದಿಗಿಂತ ಮೊದಲೇ ಹಳ್ಳಿಗಳ ಗುಂಪಿಗೊಂದು ಆರೋಗ್ಯ ತಂಡ ಎಂಬ ವ್ಯವಸ್ಥೆಯನ್ನು ನಡೆಸಿ ನೋಡಿದ್ದವು. ಕರಾವಳಿಯಲ್ಲಿ ಮಂಗಳೂರಿನ ಲೇಡಿ ಗೋಷನ್ ಆಸ್ಪತ್ರೆ ಮದ್ರಾಸ್ ಆಡಳಿತದಡಿ ಬೆಳೆಯಿತು. ಮುಂಬೈ ಪ್ರಾಂತ್ಯ ಮತ್ತು ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳಿಗೆ ಬಂದ ಸೌಲಭ್ಯ ಅಸಮ.

ಈ ಅವಧಿಯ ಬಗ್ಗೆ ಪದೇ ಪದೇ ಹೇಳುವ ಮಾತೊಂದಿದೆ: ಜಗತ್ತಿನ ಮೊದಲ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ 1930ರಲ್ಲಿ ಮೈಸೂರು ಸಂಸ್ಥಾನದಲ್ಲಿ ಆರಂಭವಾಯಿತು. ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ಇಂಥ ಕ್ಲಿನಿಕ್‌ಗಳನ್ನು ತೆರೆಯಲು ಆ ವರ್ಷ ಜೂನ್‌ನಲ್ಲಿ ಸಂಸ್ಥಾನ ಅನುಮತಿ ಕೊಟ್ಟದ್ದು ನಿಜ. ಆದರೆ ಹೇಳಿಕೆಯ ಭಾರವೆಲ್ಲ ‘ಸರ್ಕಾರಿ’ ಎಂಬ ವಿಶೇಷಣದ ಮೇಲಿದೆ. ಖಾಸಗಿ ಕ್ಲಿನಿಕ್‌ಗಳು ಲಂಡನ್ನಿನಲ್ಲೂ ಮುಂಬೈಯಲ್ಲೂ 1921ರಲ್ಲೇ ಇದ್ದವು, ಮುಂಬೈಯದನ್ನು ನಡೆಸಿದವರು ರ. ಧೋಂ. ಕರ್ವೆ. ಇನ್ನು ಕೆಲವು ಬರಹಗಳು ಈ ಆದೇಶವನ್ನು ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ ಜೋಡಿಸುತ್ತವೆ. ಆ ಆಸ್ಪತ್ರೆ ಬಾಗಿಲು ತೆರೆದದ್ದು 1935ರಲ್ಲಿ, ಹಾಗಾಗಿ ಕಾಲಗಣನೆ ಹೊಂದುವುದಿಲ್ಲ. ಆದೇಶದ ದಿನ, ಕ್ಲಿನಿಕ್ ನಡೆದ ದಿನ, ಕಟ್ಟಡ ಎದ್ದ ದಿನ ಈ ಮೂರನ್ನೂ ಒಂದಾಗಿಸಿ ಬರೆದದ್ದರಿಂದ ಹುಟ್ಟಿದ ಗೊಂದಲವಿದು. ಶಿಶುವಿನ ದೃಷ್ಟಿಯಿಂದ ನೋಡಿದರೆ ತಾಯಿ-ಮಕ್ಕಳಿಗೆಂದೇ ಮೀಸಲಾಗಿ ಎದ್ದ 1935ರ ಆಸ್ಪತ್ರೆ 1930ರ ಆದೇಶಕ್ಕಿಂತ ದೊಡ್ಡ ಘಟನೆ.

ಹೋಲ್ಡ್ಸ್‌ವರ್ತ್ ಕಡತಗಳು

ಆ ಕಾಲದ ಶಿಶುಗಳ ಬಗ್ಗೆ ನಂಬಬಹುದಾದ ದಾಖಲೆ ಸಿಕ್ಕಿದ್ದು ಸರ್ಕಾರಿ ಕಪಾಟಿನಲ್ಲಲ್ಲ. 1906ರಲ್ಲಿ ಸ್ಥಾಪನೆಯಾದ, ಮೈಸೂರಿಗರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ಹೆರಿಗೆ ಕಡತಗಳು ಉಳಿದಿದ್ದವು. 1990ರ ದಶಕದಲ್ಲಿ ಸೌತಾಂಪ್ಟನ್ನಿನ ಸಂಶೋಧಕರು ಆಸ್ಪತ್ರೆಯವರೊಂದಿಗೆ ಸೇರಿ ಆ ಮಕ್ಕಳನ್ನು ನಡುವಯಸ್ಸಿನವರಾಗಿ ಹುಡುಕಿದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಹತ್ತಿರದಲ್ಲೇ ನೆಲೆಸಿದ್ದ 517 ಜನರ ಪರೀಕ್ಷೆಯ ಫಲ 1996ರಲ್ಲಿ ಪ್ರಕಟವಾಯಿತು. ಐದೂವರೆ ಪೌಂಡ್ ಅಥವಾ ಅದಕ್ಕೂ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ 11ರಷ್ಟು ಮಂದಿಗೆ ಹೃದಯದ ರಕ್ತನಾಳದ ಕಾಯಿಲೆಯಿತ್ತು. ಏಳು ಪೌಂಡ್ ಮೀರಿದವರಲ್ಲಿ ಈ ಪ್ರಮಾಣ ಶೇ 3. ಗರ್ಭದಲ್ಲಿನ ಪೋಷಣೆ ಮಗುವಿನ ಮೊದಲ ವರ್ಷವನ್ನಷ್ಟೇ ಅಲ್ಲ, ಐವತ್ತನೆಯ ವರ್ಷವನ್ನೂ ತೀರ್ಮಾನಿಸಬಹುದು ಎಂಬ ವಾದಕ್ಕೆ ದಕ್ಷಿಣ ಭಾರತದಿಂದ ಬಂದ ಮುಖ್ಯ ಆಧಾರವಿದು. ಹೆಚ್ಚಿನ ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದ ಕಾಲದಲ್ಲಿ ಆಸ್ಪತ್ರೆಗೆ ಬಂದವರು ಸಂಸ್ಥಾನದ ಎಲ್ಲ ತಾಯಂದಿರ ಪ್ರತಿನಿಧಿಗಳಲ್ಲ ಎಂಬುದನ್ನು ಮಾತ್ರ ಈ ಅಂಕಿಗಳನ್ನು ಓದುವಾಗ ಮರೆಯಬಾರದು.

1956ರಿಂದ 2005

ಏಕೀಕರಣದ ನಂತರದ ಅರ್ಧ ಶತಮಾನದ ಕಥೆ ಬೇರೆಡೆ ಸಾಕಷ್ಟು ಬರೆಯಲ್ಪಟ್ಟಿದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದವು. 1973ರಲ್ಲಿ ವಿಶ್ವಬ್ಯಾಂಕಿನ ಸಾಲದ ಭಾರತ ಜನಸಂಖ್ಯಾ ಯೋಜನೆ ಕರ್ನಾಟಕದಲ್ಲಿ ಶುರುವಾಯಿತು, 1975ರಲ್ಲಿ ತಿ. ನರಸೀಪುರದಲ್ಲಿ ಅಂಗನವಾಡಿ ಯೋಜನೆ. ಉಪಕೇಂದ್ರಗಳು, ನರ್ಸಮ್ಮಂದಿರು ಹಳ್ಳಿ ತಲುಪಿದರೂ ಅವರ ಸಮಯವನ್ನು ಹೆಚ್ಚಾಗಿ ತಿಂದದ್ದು ಸಂತಾನಹರಣ ಶಸ್ತ್ರಚಿಕಿತ್ಸೆಯ ಗುರಿಗಳು. ಆ ಗುರಿಪದ್ಧತಿ ಅಧಿಕೃತವಾಗಿ ನಿಂತದ್ದು 1996ರಲ್ಲಿ. ಅದೇ ವರ್ಷ ಆರಂಭವಾದ ಕರ್ನಾಟಕ ಆರೋಗ್ಯ ವ್ಯವಸ್ಥೆ ಅಭಿವೃದ್ಧಿ ಯೋಜನೆ ತಾಲ್ಲೂಕು ಆಸ್ಪತ್ರೆಗಳನ್ನು ಬಲಪಡಿಸಿತು. ಡಾ. ಎಚ್. ಸುದರ್ಶನ್ ನೇತೃತ್ವದ ಕಾರ್ಯಪಡೆಯ 2001ರ ವರದಿ ಉತ್ತರದ ಜಿಲ್ಲೆಗಳು ಹಿಂದುಳಿದಿರುವುದನ್ನು ಸರ್ಕಾರದ ಮುಂದಿಟ್ಟಿತು.

ಮಾದರಿ ನೋಂದಣಿ ವ್ಯವಸ್ಥೆಯ ಪ್ರಕಾರ 1981ರಲ್ಲಿ 69 ಇದ್ದ ಶಿಶು ಮರಣ 1991ರಲ್ಲಿ 77. ಒಂದೊಂದೇ ವರ್ಷದ ಅಂಕಿ ಮಾದರಿಯ ಏರಿಳಿತಕ್ಕೆ ಸಿಗುವುದರಿಂದ ಇದನ್ನು ಏರಿಕೆ ಎನ್ನುವುದಕ್ಕಿಂತ ದಶಕವಿಡೀ ನಿಂತ ನೀರು ಎನ್ನುವುದು ಸರಿ.

ಹೆರಿಗೆ ಮನೆಯಿಂದ ಆಸ್ಪತ್ರೆಗೆ

ಈ ಇತಿಹಾಸದ ನಿಜವಾದ ತಿರುವು 2005ರ ನಂತರದ ಹತ್ತು ವರ್ಷಗಳಲ್ಲಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ 2005–06ರಲ್ಲಿ ಶೇ 65ರಷ್ಟಿದ್ದ ಆಸ್ಪತ್ರೆ ಹೆರಿಗೆ 2015–16ರಲ್ಲಿ ಶೇ 94, 2019–20ರಲ್ಲಿ ಶೇ 97. ಜನನಿ ಸುರಕ್ಷಾದ ಹಣ, ಆಶಾ ಕಾರ್ಯಕರ್ತೆಯರ ಬೆನ್ನುಹತ್ತುವಿಕೆ, 2008ರ ನವೆಂಬರ್‌ನಲ್ಲಿ ಬಂದ 108 ಆಂಬುಲೆನ್ಸ್, ಹಿಂದುಳಿದ ಜಿಲ್ಲೆಗಳಲ್ಲಿ ಖಾಸಗಿ ಆಸ್ಪತ್ರೆಯ ಹೆರಿಗೆಗೂ ಸರ್ಕಾರವೇ ಹಣ ಕೊಟ್ಟ ತಾಯಿ ಭಾಗ್ಯ, ಬಾಣಂತಿಯನ್ನು ಮನೆಗೆ ಬಿಡುವ ನಗು-ಮಗು ವಾಹನ, ಎಲ್ಲವೂ ಒಂದರ ಹಿಂದೊಂದು ಬಂದವು. 2007ರ ಮಡಿಲು ಕಿಟ್ಟಿನಲ್ಲಿ ಸೊಳ್ಳೆಪರದೆ, ಜಮಖಾನ, ಸೋಪು, ಮಗುವಿನ ಬಟ್ಟೆ ಇರುತ್ತಿದ್ದವು. ಬಡ ಮನೆಯೊಂದು ಬಾಣಂತನಕ್ಕೆ ಹೊಂಚಬೇಕಾದ ಸಾಮಾನುಗಳೇ ಅವು.

ಈ ಬದಲಾವಣೆಯಲ್ಲಿ ಸೂಲಗಿತ್ತಿಯರ ಸ್ಥಾನ ಗೊಂದಲಮಯ. 1970ರ ದಶಕದ ಕೊನೆಯಿಂದ ಸರ್ಕಾರವೇ ಅವರಿಗೆ ತರಬೇತಿ ಕೊಟ್ಟು ಸ್ವಚ್ಛ ಹೆರಿಗೆ ಕಲಿಸಿತ್ತು. 2005ರ ನಂತರ ಅದೇ ಇಲಾಖೆ ಮನೆ ಹೆರಿಗೆಯನ್ನೇ ಬೇಡವೆಂದಿತು. 2018ರಲ್ಲಿ ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಬಿಟ್ಟಿಯಾಗಿ ಮಾಡಿಸಿದ್ದಕ್ಕೆ ಪದ್ಮಶ್ರೀ ಸಂದಿತು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ನೀತಿಯಲ್ಲಿ ಜಾಗವಿಲ್ಲದ ವೃತ್ತಿಗೆ ಪ್ರಶಸ್ತಿಯಲ್ಲಿ ಜಾಗ ಸಿಕ್ಕಿತು. ಆಸ್ಪತ್ರೆ ದೂರವಿದ್ದ ಕಾಲದಲ್ಲಿ ಪಕ್ಕದಲ್ಲಿದ್ದವರು ಸೂಲಗಿತ್ತಿಯರೇ ಎಂಬುದನ್ನು ಬಿಟ್ಟರೆ 20ನೆಯ ಶತಮಾನದ ಹೆರಿಗೆಯ ಇತಿಹಾಸ ಅರ್ಧದಷ್ಟೂ ಆಗುವುದಿಲ್ಲ.

ಬೆಳಗಾವಿಯ ಪ್ರಯೋಗಗಳು

ಆಸ್ಪತ್ರೆಗೆ ಬಂದ ಮೇಲೆ ಏನಾಗಬೇಕು ಎಂಬ ಪ್ರಶ್ನೆಗೆ ಜಗತ್ತು ಗಮನಿಸಿದ ಉತ್ತರಗಳು ಬಂದದ್ದು ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನಿಂದ. ಮೊದಲನೆಯದು ತಾಯಿಗೆ ಸಂಬಂಧಿಸಿದ್ದು. ಹೆರಿಗೆಯ ನಂತರದ ರಕ್ತಸ್ರಾವವನ್ನು ಅಲ್ಲಿಯವರೆಗೆ ಕಣ್ಣಂದಾಜಿನಲ್ಲಿ ಹೇಳುತ್ತಿದ್ದರು, ಅಂದಾಜು ಹೆಚ್ಚಾಗಿ ಕಡಿಮೆಯೇ ಆಗುತ್ತಿತ್ತು. ಇಲ್ಲಿನ ತಂಡ ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆಯೊಂದನ್ನು ರೂಪಿಸಿತು. ಅದರ ತುದಿ ಆಲಿಕೆಯಂತೆ ಕಿರಿದಾಗಿ ಅಳತೆಯ ಗೆರೆಗಳಿದ್ದ ಚೀಲವಾಗುತ್ತಿತ್ತು, ರಕ್ತ 500 ಮಿಲಿಲೀಟರ್ ದಾಟಿದ್ದು ಎದುರಿಗೇ ಕಾಣುತ್ತಿತ್ತು. 2002–05ರಲ್ಲಿ ಜಿಲ್ಲೆಯ ಹಳ್ಳಿಗಳ 1,620 ಹೆಂಗಸರಲ್ಲಿ ನರ್ಸಮ್ಮಂದಿರು ನಡೆಸಿದ ಪ್ರಯೋಗದಲ್ಲಿ ಹುಸಿಮಾತ್ರೆ ಪಡೆದವರಲ್ಲಿ ಶೇ 12ರಷ್ಟಿದ್ದ ಅತಿ ರಕ್ತಸ್ರಾವ ಮಿಸೊಪ್ರೊಸ್ಟಾಲ್ ಮಾತ್ರೆ ಪಡೆದವರಲ್ಲಿ ಶೇ 6.4 ಮಾತ್ರ ಇತ್ತು. ಚುಚ್ಚುಮದ್ದು, ಫ್ರಿಜ್ ಇಲ್ಲದ ಕಡೆಗೂ ಹೊಂದುವ ಈ ಮಾತ್ರೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಇದೇ ಬಳಕೆಗೆ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಎರಡನೆಯದು ಶಿಶುವಿಗೆ ಸಂಬಂಧಿಸಿದ್ದು, ದಾಖಲೆಯ ದೃಷ್ಟಿಯಿಂದ ಇನ್ನೂ ಕುತೂಹಲಕರ. ಹುಟ್ಟಿದ ಮೊದಲ ನಿಮಿಷದಲ್ಲಿ ಉಸಿರಾಡದ ಮಗುವನ್ನು ಒರೆಸಿ, ಬೆನ್ನುಜ್ಜಿ, ಅಗತ್ಯವಿದ್ದರೆ ಬ್ಯಾಗ್-ಮಾಸ್ಕ್‌ನಿಂದ ಉಸಿರು ಕೊಡುವುದನ್ನು ಸುಮಾರು 600 ಹೆರಿಗೆ ಸಿಬ್ಬಂದಿಗೆ ಕಲಿಸಲಾಯಿತು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಹೆರಿಗೆ ಹೊತ್ತಿಗೆ ಸತ್ತದ್ದೆಂದು ಬರೆದ ನಿರ್ಜೀವ ಜನನಗಳು ಶೇ 1.7ರಿಂದ 0.9ಕ್ಕೆ ಇಳಿದಿದ್ದವು. ಆದರೆ ಜೀವಂತ ಹುಟ್ಟಿದವರಲ್ಲಿನ ನವಜಾತ ಮರಣ ಇದ್ದಲ್ಲೇ ಇತ್ತು. ಕಾರಣ ಊಹಿಸಲು ಕಷ್ಟವಿಲ್ಲ. ಮೊದಲು ‘ಸತ್ತು ಹುಟ್ಟಿತು’ ಎಂದು ಪಕ್ಕಕ್ಕಿಡುತ್ತಿದ್ದ ಮಕ್ಕಳಲ್ಲಿ ಕೆಲವು ಬದುಕಿದ್ದವು, ಉಸಿರು ಕೊಟ್ಟಾಗ ಅತ್ತವು. ಹಳೆಯ ನಿರ್ಜೀವ ಜನನದ ಅಂಕಿಗಳನ್ನೆಲ್ಲ ಇನ್ನು ಅನುಮಾನದಿಂದಲೇ ಓದಬೇಕಾಗುತ್ತದೆ.

ಪ್ರಯೋಗಗಳೆಲ್ಲ ಹೀಗೆ ಫಲಿಸಲಿಲ್ಲ. ಅವಧಿಗೆ ಮುನ್ನ ಹೆರುವ ತಾಯಿಗೆ ಸ್ಟೆರಾಯ್ಡ್ ಚುಚ್ಚುವುದನ್ನು ಹಳ್ಳಿ ಮಟ್ಟಕ್ಕೆ ಒಯ್ದ, ಬೆಳಗಾವಿಯೂ ಸೇರಿದ್ದ ಆರು ದೇಶಗಳ 2015ರ ಅಧ್ಯಯನದಲ್ಲಿ ಒಟ್ಟಾರೆ ನವಜಾತ ಮರಣ ಏರಿತು. ದೊಡ್ಡಾಸ್ಪತ್ರೆಯಲ್ಲಿ ಜೀವ ಉಳಿಸುವ ಮದ್ದು ಬೇರೆಡೆಯೂ ಹಾಗೇ ಕೆಲಸ ಮಾಡೀತೆಂಬ ನಂಬಿಕೆಗೆ ಅದು ತಡೆ ಹಾಕಿತು. ಕೊಪ್ಪಳ ಜಿಲ್ಲೆಯಲ್ಲಿ ಕಡಿಮೆ ತೂಕದ ಮಕ್ಕಳನ್ನು ತಾಯಿಯ ಎದೆಗೆ ಅಪ್ಪಿಸಿಡುವ ಕಾಂಗರೂ ಆರೈಕೆಯನ್ನು ವಿಸ್ತರಿಸಿದ ಕೆಲಸ ಈ ಪಾಠದ ನಂತರದ್ದು.

ಲೆಕ್ಕದ ತೊಡಕು: ಪಂಚನಹಳ್ಳಿಯಿಂದ ನೋಡಿದರೆ

ಕಡೂರು ತಾಲ್ಲೂಕಿನ ಪಂಚನಹಳ್ಳಿ ಹೋಬಳಿ ಬಯಲುಸೀಮೆಯದು, ಅರಸೀಕೆರೆ ಕಡೆಯ ಗಡಿಗೆ ಹತ್ತಿರ. ಚಿಕ್ಕಮಗಳೂರು ಜಿಲ್ಲೆಯ ಹೆಸರು ಹೇಳಿದೊಡನೆ ನೆನಪಾಗುವ ಕಾಫಿ ತೋಟ, ಮಳೆಕಾಡು ಇಲ್ಲಿಲ್ಲ, ಇರುವುದು ತೆಂಗು, ರಾಗಿ. ಜಿಲ್ಲೆಯ ಸರಾಸರಿ ಮಲೆನಾಡನ್ನೂ ಈ ಒಣನೆಲವನ್ನೂ ಒಂದೇ ಅಂಕಿಯಲ್ಲಿ ಸೇರಿಸಿಬಿಡುತ್ತದೆ. ಇಲ್ಲಿನ ಬಸುರಿಗೆ ಹೆರಿಗೆ ಕಷ್ಟವಾದರೆ ಕಡೂರಿನ ತಾಲ್ಲೂಕು ಆಸ್ಪತ್ರೆಗೋ ಚಿಕ್ಕಮಗಳೂರಿಗೋ ಹೋಗಬಹುದು, ಗಡಿ ದಾಟಿ ಅರಸೀಕೆರೆ, ಹಾಸನಕ್ಕೂ ಹೋಗಬಹುದು. 1969ರ ಜನನ ಮರಣ ನೋಂದಣಿ ಕಾಯ್ದೆ ಘಟನೆ ನಡೆದ ಸ್ಥಳದಲ್ಲಿ ನೋಂದಣಿ ಕೇಳುತ್ತದೆ. ಹಾಸನದಲ್ಲಿ ಹುಟ್ಟಿ ಮೂರನೆಯ ದಿನ ಅಲ್ಲೇ ಸತ್ತ ಪಂಚನಹಳ್ಳಿಯ ಮಗುವಿನ ಜನನವೂ ಮರಣವೂ ಹಾಸನದ ಪುಸ್ತಕಕ್ಕೆ ಸೇರುತ್ತವೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ರೂಢಿ ಇದಕ್ಕೆ ಇನ್ನೊಂದು ಸಿಕ್ಕು. ಬಸುರಿಯ ತಪಾಸಣೆ ಬರೆದಿಡುವ ತಾಯಿ ಕಾರ್ಡ್ ಗಂಡನ ಊರಿನದು, ಹೆರಿಗೆ ತವರಿನ ತಾಲ್ಲೂಕಿನದು, ಬಾಣಂತನದ ಭೇಟಿಗಳು ಮತ್ತೊಬ್ಬ ಆಶಾ ಕಾರ್ಯಕರ್ತೆಯ ಪಾಲಿನವು. ತಾಯಿಯನ್ನೇ ಹಿಂಬಾಲಿಸುವ ಗಣಕ ದಾಖಲೆ 2009ರ ನಂತರ ಬಂದದ್ದು ಈ ತೊಡಕಿಗಾಗಿಯೇ.

ರಾಜ್ಯ ಮಟ್ಟದಲ್ಲೂ ಅಂಕಿಗಳು ಹೊಂದದಂತೆ ಕಾಣುತ್ತವೆ. ಮಾದರಿ ನೋಂದಣಿ 2019ಕ್ಕೆ ಶಿಶು ಮರಣ 21 ಎಂದರೆ 2019–20ರ ಕುಟುಂಬ ಆರೋಗ್ಯ ಸಮೀಕ್ಷೆ 25 ಎಂದಿತು. ಮೊದಲನೆಯದು ಒಂದು ವರ್ಷದ್ದು, ಎರಡನೆಯದು ಹಿಂದಿನ ಐದು ವರ್ಷಗಳದ್ದು. ಪತ್ರಿಕೆಗಳು ಎರಡನ್ನೂ ಅಕ್ಕಪಕ್ಕ ಇಟ್ಟು ಏರಿಕೆಯನ್ನೋ ಇಳಿಕೆಯನ್ನೋ ಸಾಧಿಸಿದ್ದುಂಟು.

2020ರ ಹೊತ್ತಿಗೆ

2020ರಲ್ಲಿ ಸಾವಿರ ಜೀವಂತ ಜನನಗಳಿಗಿದ್ದ 19 ಶಿಶು ಮರಣಗಳಲ್ಲಿ 14 ಮೊದಲ 28 ದಿನಗಳವು. ಅತಿಸಾರ, ದಡಾರಗಳನ್ನು ಲಸಿಕೆ, ನೀರು, ಓಆರ್‌ಎಸ್ ಹಿಂದೆ ಸರಿಸಿದ ಮೇಲೆ ಉಳಿದದ್ದು ಅವಧಿಪೂರ್ವ ಜನನ, ಉಸಿರುಗಟ್ಟುವಿಕೆ, ನಂಜು. ಗರ್ಭಿಣಿಯರಲ್ಲಿ ರಕ್ತಹೀನತೆ 2015–16 ಮತ್ತು 2019–20ರ ಕುಟುಂಬ ಆರೋಗ್ಯ ಸಮೀಕ್ಷೆಗಳ ನಡುವೆ ಶೇ 45ರ ಆಸುಪಾಸಿನಿಂದ ಕದಲಲಿಲ್ಲ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆ ಅವರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಕೊಡತೊಡಗಿತು. ಸಿಸೇರಿಯನ್ ಹೆರಿಗೆಗಳು ಶೇ 31.5ಕ್ಕೆ ಮುಟ್ಟಿ ಹೊಸ ಚಿಂತೆಯಾದವು.

ಆಸ್ಪತ್ರೆಯಲ್ಲಿ ಹೆತ್ತರೂ ಮುಂದಿನ ದಿನಗಳು ಮನೆಯವೇ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕದ ಕಾರಣ ಊರ ಹೊರಗಿನ ಗುಡಿಸಲಿನಲ್ಲಿ ಬಾಣಂತಿಯೊಂದಿಗಿದ್ದ ಹಸುಗೂಸು ಮಳೆ-ಚಳಿಗೆ ಸಿಕ್ಕು ತೀರಿಕೊಂಡಿತು. ಸರ್ಕಾರ ಇಂಥ ಹಟ್ಟಿಗಳಲ್ಲಿ ಹೊರಗಿರಬೇಕಾದ ಹೆಂಗಸರಿಗೆಂದು ಕಟ್ಟಿದ ಕೃಷ್ಣ ಕುಟೀರಗಳ ಬಗ್ಗೆ ಎರಡು ಅಭಿಪ್ರಾಯಗಳಿವೆ: ಗುಡಿಸಲಿಗಿಂತ ಭದ್ರ ಎಂಬುದೊಂದು, ಹೊರಗಿಡುವುದಕ್ಕೇ ಗಾರೆ ಮೆತ್ತಿದಂತೆ ಎಂಬುದು ಇನ್ನೊಂದು.

ತಾಯಂದಿರ ಮರಣ 2004–06ರ 213ರಿಂದ (ಲಕ್ಷ ಜೀವಂತ ಜನನಕ್ಕೆ) 2018–20ರಲ್ಲಿ 69ಕ್ಕೆ ಇಳಿದಿದ್ದರೂ ದಕ್ಷಿಣದ ರಾಜ್ಯಗಳಲ್ಲಿ ಅದೇ ಹೆಚ್ಚು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ನಂತರ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತಾಗ ಸಂಶಯ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಬಿತ್ತು. ಸರ್ಕಾರ ಅದರ ಬಳಕೆ ತಡೆದು ರಾಜ್ಯದ ಎಲ್ಲ ತಾಯಂದಿರ ಸಾವುಗಳನ್ನೂ ಒಂದೊಂದಾಗಿ ಪರಿಶೀಲಿಸಲು ಆದೇಶಿಸಿತು.