ಬೆಳಗಲಿಯ ದಾರಿಯಲ್ಲಿ ನಿಂತ ಫಿಯಟ್

ರನ್ನನ ಊರನ್ನು ನೋಡಬೇಕೆಂದು ಮುಧೋಳದಿಂದ ರನ್ನ ಬೆಳಗಲಿಗೆ ಹೊರಟ ನನ್ನ ಹಳೆಯ ಕಾರು, ಊರು ಇನ್ನೂ ಒಂದೆರಡು ಮೈಲಿ ಇರುವಾಗಲೇ ಕಬ್ಬಿನ ಹೊಲದ ಮಗ್ಗುಲಲ್ಲಿ ಮುಗ್ಗರಿಸಿತು. ನಿಂತಲ್ಲಿ ಇಂಜಿನು ಚೆನ್ನಾಗಿಯೇ ಗುನುಗುತ್ತಿತ್ತು. ವೇಗ ಹೆಚ್ಚಿಸಿದೊಡನೆ ಉಸಿರು ಕಟ್ಟಿದವರಂತೆ ಕೆಮ್ಮುತ್ತಿತ್ತು. ಕಾರು ತೀರಿಕೊಂಡ ತಂದೆಯವರದು. ಮಾರಿಬಿಡು ಎಂದು ಮನೆಯವರೆಲ್ಲ ಹೇಳುತ್ತಲೇ ಇದ್ದರು. ಅಂದು ನನಗೂ ಹಾಗೆಯೇ ಅನ್ನಿಸಿತು.

ನಾವು ಫಿಯಟ್ ಎಂದೇ ಕರೆಯುವ ಈ ಪ್ರೀಮಿಯರ್ ಪದ್ಮಿನಿಯ ಹುಟ್ಟಿನ ಕತೆಯಲ್ಲಿ ಕನ್ನಡನಾಡಿನದೂ ಒಂದು ಅಧ್ಯಾಯವುಂಟು. ನಮ್ಮ ದೇಶದಲ್ಲಿಯೇ ಮೋಟಾರು ತಯಾರಾಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು ಅಮೆರಿಕಗಳ ಕಾರಖಾನೆಗಳನ್ನು ನೋಡಿಬಂದು ಯೋಜನೆಯೊಂದನ್ನು ಸಿದ್ಧಪಡಿಸಿದರು. ಉದ್ಯಮಿ ವಾಲಚಂದ್ ಹಿರಾಚಂದರು ಜೊತೆಗೂಡಿದರು. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಮೈಸೂರು ಸರಕಾರ ಒತ್ತಾಸೆಯಾಗಿ ನಿಂತಿತು. ಆದರೆ ಬ್ರಿಟಿಷರ ಭಾರತ ಸರಕಾರದ ಬೆಂಬಲ ದೊರೆಯಲಿಲ್ಲ. ಬೆಂಗಳೂರಿಗೆ 1940ರ ಡಿಸೆಂಬರಿನಲ್ಲಿ ವಿಮಾನದ ಕಾರಖಾನೆ ಬಂದಿತು, ಮೋಟಾರಿನದು ಬರಲಿಲ್ಲ. ವಾಲಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಅಲ್ಲಿಯ ಕುರ್ಲಾದಿಂದಲೇ ಫಿಯಟ್ ಮನೆಮಾತಾಯಿತು.

ಊರಿನಿಂದ ಬಂದ ವೃದ್ಧ ಮಿಸ್ತ್ರಿ ಬಾನೆಟ್ಟು ಎತ್ತಿ, ಕೆಲಕಾಲ ಇಂಜಿನಿನ ಸದ್ದು ಕೇಳಿ, "ಮಾಸ್ತರ್ರ, ಬ್ಯಾನಿ ಟಾಕಿ ಕಡೆ ಐತೋ, ಪಂಪಿನೊಳಗ ಐತೋ, ಮೊದಲ ಅದನ್ನ ಗೊತ್ತು ಮಾಡೂಣು" ಎಂದ.

ಈ ಪಂಪಿನ ರಚನೆ ಸರಳ. ಇಂಜಿನಿನ ಕ್ಯಾಮ್ ಶಾಫ್ಟು ತಿರುಗುವಾಗ ಒಂದು ಸನ್ನೆಯನ್ನು ಒತ್ತುತ್ತದೆ. ಸನ್ನೆ ಡಯಾಫ್ರಾಂ ಎಂಬ ಮೆತ್ತನೆಯ ಪೊರೆಯನ್ನು ಕೆಳಕ್ಕೆಳೆಯುತ್ತದೆ. ಟಾಕಿಯಿಂದ ಪೆಟ್ರೋಲು ಒಳಬರುತ್ತದೆ. ಅದನ್ನು ಕಾರ್ಬುರೇಟರಿಗೆ ದೂಡುವುದು ಇಂಜಿನಲ್ಲ, ಪೊರೆಯ ಕೆಳಗಿನ ಸ್ಪ್ರಿಂಗು. ಆದ್ದರಿಂದ ಇಂಜಿನು ಎಷ್ಟೇ ಆರ್ಭಟಿಸಲಿ, ಒತ್ತಡ ಸ್ಪ್ರಿಂಗಿನ ಅಳತೆಯನ್ನು ಮೀರದು. ಚದರ ಅಂಗುಲಕ್ಕೆ ಎರಡು ಮೂರು ಪೌಂಡು. ಚಕ್ರದ ಗಾಳಿಯ ಹತ್ತರಲ್ಲೊಂದು ಪಾಲು ಎನ್ನಬಹುದು. ಅಷ್ಟು ಅಲ್ಪದರಲ್ಲಿಯೂ ಕೊರತೆಯಾದರೆ ಕಾರು ನಿಂತಲ್ಲಿ ಬದುಕೀತು, ಓಡಲಾರದು.

ಮಿಸ್ತ್ರಿ ಟಾಕಿಯ ನಳಿಗೆಯನ್ನು ಬಿಚ್ಚಿ, ಪಂಪಿಗೆ ಬೇರೊಂದು ರಬ್ಬರು ನಳಿಗೆ ಹಾಕಿ, ಅದರ ತುದಿಯನ್ನು ಪೆಟ್ರೋಲಿನ ಡಬ್ಬಿಯಲ್ಲಿ ಅದ್ದಿದ. ಈಗ ಒತ್ತಡ ಸರಿಹೋದರೆ ದೋಷ ಹಿಂದಿನದು: ಕಟ್ಟಿಕೊಂಡ ಜಾಲರಿ, ಗಾಳಿ ಎಳೆಯುವ ಬಿರುಕು, ಉಸಿರಾಡದ ಟಾಕಿಯ ಮುಚ್ಚಳ. ಸರಿಹೋಗದಿದ್ದರೆ ಪಂಪಿನದೇ. ಓಲೆಗರಿಯ ಪ್ರತಿಗಳಲ್ಲಿ ತಪ್ಪು ಪಾಠ ಎಲ್ಲಿ ನುಸುಳಿತೆಂದು ವಿದ್ವಾಂಸರು ಹುಡುಕುವ ಕ್ರಮವೂ ಇದೇ ಅಲ್ಲವೆ!

ಒತ್ತಡ ಸರಿಹೋಗಲಿಲ್ಲ. ಆತ ಎಣ್ಣೆಯ ಕಡ್ಡಿಯನ್ನು ಎಳೆದು ಮೂಸಿ ನನ್ನತ್ತ ಚಾಚಿದ: ಪೆಟ್ರೋಲಿನ ವಾಸನೆ. ಹರಿದ ಪೊರೆಯಿಂದ ಪೆಟ್ರೋಲು ಎಣ್ಣೆಗೆ ಸೋರುತ್ತಿತ್ತು. ಹಾಗೆಯೇ ಓಡಿಸಿದ್ದರೆ ನೀರಾದ ಎಣ್ಣೆಯಲ್ಲಿ ಇಂಜಿನಿನ ಬೇರಿಂಗುಗಳೇ ಸವೆಯುತ್ತಿದ್ದವು. "ಈಗಿನ ಪೆಟ್ರೋಲಿನಾಗ ಕಬ್ಬಿನ ಸ್ಪಿರಿಟ್ ಐತ್ರಿ. ಹಳೇ ರಬ್ಬರಿಗೆ ಅದು ಆಗಿಬರೂದಿಲ್ಲ" ಎಂದ.

ನಾನು ಪಕ್ಕದ ಕಬ್ಬಿನತ್ತ ನೋಡಿದೆ. ಪೆಟ್ರೋಲಿಗೆ ಮದ್ಯಸಾರ ಬೆರೆಸಲು 1948ರಲ್ಲಿಯೇ ಕಾಯಿದೆಯಾಗಿತ್ತು. ಆದರೆ ಅದರ ಪಾಲು ಶೇಕಡ 10 ಮುಟ್ಟಿದ್ದು 2022ರಲ್ಲಿ, 20 ಮುಟ್ಟಿದ್ದು 2025ರಲ್ಲಿ. ಇಲ್ಲಿಯ ರೈತನಿಗೆ ಆಸರೆಯಾದ ಬೆಳೆಯೇ ನನ್ನ ತಂದೆಯವರ ಕಾರಿನ ಪೊರೆಯನ್ನು ತಿಂದಿತ್ತು. ಯಾರನ್ನು ದೂರುವುದು? ಕಾಲಕ್ಕೆ ತಕ್ಕ ರಬ್ಬರಿನ ಪೊರೆ ಹಾಕಿಸಬೇಕು, ಅಷ್ಟೆ.

ಹೊಸ ಪೊರೆ ಬರುವವರೆಗೆ ಬೆಳಗಲಿಯಲ್ಲಿ ಸುತ್ತಾಡಿದೆ. ರನ್ನನು ಹುಟ್ಟಿದ್ದು 949ರಲ್ಲಿ, ಬಳೆಗಾರರ ಮನೆಯಲ್ಲಿ. 'ಅಜಿತಪುರಾಣ'ವನ್ನು ಮುಗಿಸಿದ್ದು 993ರಲ್ಲಿ. ಸಾವಿರ ವರ್ಷಗಳ ಹಿಂದಿನ ಅವನ ಕಾವ್ಯ ನಮ್ಮವರೆಗೆ ಬಂದುದು ತಾನಾಗಿ ಅಲ್ಲ. ಗರಿ ಮುರಿದಾಗಲೆಲ್ಲ ಯಾರೋ ಒಬ್ಬರು ಹೊಸ ಗರಿಯಲ್ಲಿ ಬರೆದಿಟ್ಟದ್ದರಿಂದ.

ಮರುದಿನ ಪಂಪಿಗೆ ಪೊರೆ, ಇಂಜಿನಿಗೆ ಹೊಸ ಎಣ್ಣೆ ಬಿದ್ದವು. ಕಾರು ಕೆಮ್ಮದೆ ಮುಧೋಳ ಸೇರಿತು. ಅದನ್ನು ಮಾರುವ ಮಾತನ್ನು ನಾನು ಆಮೇಲೆ ಎತ್ತಿಲ್ಲ.