ಗಾಡಿಯ ಮೂತಿಯಲ್ಲಿ ನಿಂತ ಜಾಲರಿ

ಕಾರಿನ ಏಸಿಯಲ್ಲಿ ತಂಪು ಹುಟ್ಟುವುದು ಡ್ಯಾಶ್‌ಬೋರ್ಡಿನ ಹಿಂದೆ. ಒಳಗಿನಿಂದ ಹೀರಿದ ಸೆಖೆಯನ್ನು ಹೊರಗೆ ಚೆಲ್ಲುವುದು ಬಂಪರಿನ ಹಿಂದೆ, ರೇಡಿಯೇಟರಿಗಿಂತ ಮುಂದೆ ನಿಂತಿರುವ ಕಂಡೆನ್ಸರ್. ಕಂಪ್ರೆಸರ್ ಒತ್ತಿ ಕಳಿಸಿದ ಬಿಸಿ ಗ್ಯಾಸು ಇದರ ಕೊಳವೆಗಳಲ್ಲಿ ಹಾಯುತ್ತಾ ಎದುರುಗಾಳಿಗೆ ಶಾಖ ಬಿಟ್ಟುಕೊಟ್ಟು ದ್ರವವಾಗುತ್ತದೆ. ಗಾಳಿ ಮೊದಲು ತಾಗುವ ಜಾಗವೇ ಧೂಳು, ಕಲ್ಲು, ಹುಳಹುಪ್ಪಟೆ ಮೊದಲು ಬಡಿಯುವ ಜಾಗವೂ ಹೌದು. ಎಂಟು ದಶಕಗಳಲ್ಲಿ ಈ ಜಾಗ ಹೆಚ್ಚೇನೂ ಬದಲಾಗಿಲ್ಲ. ಬದಲಾಗಿರುವುದು ಜಾಲರಿಯ ಲೋಹ, ಅದರೊಳಗೆ ಹರಿಯುವ ಗ್ಯಾಸು, ಅದು ಕೆಟ್ಟಾಗ ಗ್ಯಾರೇಜಿನವರು ಮಾಡುವ ಕೆಲಸ.

ಕಾರ್ಖಾನೆಯಿಂದಲೇ ಏಸಿ ಹಾಕಿಸಿಕೊಂಡು ಬಂದ ಮೊದಲ ಕಾರು ಅಮೆರಿಕದ ಪ್ಯಾಕರ್ಡ್. 1939ರ ನವೆಂಬರಿನಲ್ಲಿ ಚಿಕಾಗೋ ಮೋಟಾರು ಪ್ರದರ್ಶನದಲ್ಲಿ ಅದನ್ನು ತೋರಿಸಿದರು; ಏಸಿಗೆಂದೇ 274 ಡಾಲರ್ ಹೆಚ್ಚುವರಿ ಬೆಲೆ. ಕೂಲಿಂಗ್ ಕಾಯಿಲ್ ಡಿಕ್ಕಿಯ ಅರ್ಧ ಜಾಗ ನುಂಗಿತ್ತು, ಕಂಡೆನ್ಸರ್ ಮಾತ್ರ ಆಗಲೇ ಮುಂದೆ ಬಂದಿತ್ತು. ಹಾಗಾಗಿ ಗ್ಯಾಸಿನ ಕೊಳವೆ ಗಾಡಿಯ ಉದ್ದಕ್ಕೂ ಓಡಬೇಕಾಯಿತು. ಕಂಪ್ರೆಸರಿಗೆ ಕ್ಲಚ್ ಇರಲಿಲ್ಲ. ಏಸಿ ಬೇಡವೆನಿಸಿದರೆ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟನ್ನೇ ಕಳಚಬೇಕು! ಕೆಲವೇ ವರ್ಷಗಳಲ್ಲಿ ಅದು ನಿಂತುಹೋದದ್ದರಲ್ಲಿ ಆಶ್ಚರ್ಯವಿಲ್ಲ. ಕೆಲ್ವಿನೇಟರ್ ಫ್ರಿಜ್ಜಿನವರೊಂದಿಗೆ ಒಂದಾಗಿದ್ದ ನ್ಯಾಶ್ ಕಂಪನಿ 1954ರಲ್ಲಿ ಇಡೀ ವ್ಯವಸ್ಥೆಯನ್ನು ಗಾಡಿಯ ಮುಂಭಾಗಕ್ಕೇ ತಂದ ಮೇಲೆ ಏಸಿ ಇವತ್ತಿನ ರೂಪಕ್ಕೆ ಹತ್ತಿರವಾಯಿತು.

ಆ ಕಾಲದ ಗ್ಯಾಸು ಆರ್-12. ಜನರಲ್ ಮೋಟಾರ್ಸ್‌ಗಾಗಿ ಥಾಮಸ್ ಮಿಜ್ಲಿ ಮತ್ತು ಸಂಗಡಿಗರು 1928ರ ಸುಮಾರಿಗೆ ರೂಪಿಸಿದ, ಫ್ರಿಯಾನ್ ಎಂಬ ವ್ಯಾಪಾರನಾಮದಿಂದ ಹೆಸರಾದ ಕುಟುಂಬಕ್ಕೆ ಸೇರಿದ್ದು ಇದು. ಉರಿಯುವುದಿಲ್ಲ, ನಾಜೂಕಿನದಲ್ಲ. ಆಗಿನ ಕಂಡೆನ್ಸರೂ ಹಾಗೆಯೇ ಒರಟು: ಸುತ್ತಿ ಬಗ್ಗಿಸಿದ ದುಂಡು ಕೊಳವೆ, ಅದರ ಮೇಲೆ ಪೋಣಿಸಿದ ತಗಡಿನ ಫಿನ್ನುಗಳು. ಕೊಳವೆ ತಾಮ್ರದ್ದಾದರೆ ತೂತನ್ನು ಬ್ರೇಜಿಂಗ್ ಮಾಡಿ ಮುಚ್ಚಬಹುದಿತ್ತು. ರೇಡಿಯೇಟರ್ ರಿಪೇರಿಯವನಿಗೇ ಅದು ಸಾಧ್ಯವಿತ್ತು. ಲೀಕ್ ಹುಡುಕುವ ಉಪಾಯ ನೋಡಲು ಚಂದ. ತಾಮ್ರದ ಬಿಲ್ಲೆಯಿದ್ದ ದೀಪವೊಂದಕ್ಕೆ ರಬ್ಬರ್ ನಳಿಕೆ ಸಿಕ್ಕಿಸಿ, ಅದರ ತುದಿಯನ್ನು ಕೊಳವೆಯ ಮೇಲೆ ಆಡಿಸುತ್ತಿದ್ದರು. ಗ್ಯಾಸಿನ ಕ್ಲೋರೀನು ಸೇರಿದೊಡನೆ ಜ್ವಾಲೆ ಹಸಿರಾಗುತ್ತಿತ್ತು. ಹಾಗೆ ಹಸಿರಾದ ಜ್ವಾಲೆಯ ಹೊಗೆ ವಿಷ ಎಂಬುದು ಬೇರೆ ಮಾತು.

ರಬ್ಬರ್ ಹೋಸುಗಳಿಂದ ಗ್ಯಾಸು ಸಣ್ಣಗೆ ಸೋರುತ್ತಲೇ ಇರುತ್ತಿದ್ದುದರಿಂದ ಆಗಾಗ ಗ್ಯಾಸ್ ಹಾಕಿಸುವುದು ವಾಡಿಕೆಯಾಯಿತು. ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವ ವಸ್ತು ಎಂಬ ನಂಬಿಕೆ ಉಳಿದಿರುವುದು ಅಲ್ಲಿಂದಲೇ ಇರಬೇಕು. ಅದು ಖರ್ಚಾಗುವುದಿಲ್ಲ, ಸೋರುತ್ತದೆ. ಕಂಡೆನ್ಸರ್ ಬಿಚ್ಚುವಾಗ ಗ್ಯಾಸನ್ನು ಸುಮ್ಮನೆ ಗಾಳಿಗೆ ಬಿಡುವುದೂ ಆಗ ರೂಢಿ.

ಭಾರತದಲ್ಲಿ ಮಾರುತಿ 800 ರಸ್ತೆಗಿಳಿದದ್ದು 1983ರ ಕೊನೆಯಲ್ಲಿ. 1985ರಲ್ಲಿ ಸುಜುಕಿ ಮತ್ತು ಡೆನ್ಸೊ ಪಾಲುದಾರಿಕೆಯಲ್ಲಿ ಸುಬ್ರೋಸ್ ಕಂಪನಿ ಶುರುವಾಗಿ, ಕಾರಿನ ಏಸಿ ಇಲ್ಲೇ ತಯಾರಾಗತೊಡಗಿತು. ಅಲ್ಲಿಯವರೆಗೆ ಸಿರಿವಂತರ ಗಾಡಿಗಷ್ಟೇ ಇದ್ದ ಕಸುಬು ಊರೂರಿನ ಗ್ಯಾರೇಜಿಗೆ ಹರಡಿತು. ಬೆಂಗಳೂರಿನಲ್ಲಿ ಬಿಡಿಭಾಗಕ್ಕೆ ಜೆ.ಸಿ. ರಸ್ತೆ ಇತ್ತು. ಹವೆ ತಂಪಾದ ಬೆಂಗಳೂರಿಗಿಂತ ಕಲಬುರಗಿ, ರಾಯಚೂರಿನ ಬಿಸಿಲಲ್ಲಿ ಕಂಡೆನ್ಸರಿಗೆ ದುಡಿಮೆ ಹೆಚ್ಚು. ಕಾರವಾರ, ಮಂಗಳೂರಿನ ಉಪ್ಪುಗಾಳಿಗೆ ಅದರ ಫಿನ್ನುಗಳು ಬೇಗ ಪುಡಿಯಾಗುತ್ತವೆ.

ಈ ಕಸುಬನ್ನು ತಲೆಕೆಳಗು ಮಾಡಿದ್ದು ಓಜೋನ್. ಆರ್-12ರಂಥ ಗ್ಯಾಸುಗಳ ಕ್ಲೋರೀನು ಓಜೋನ್ ಪದರವನ್ನು ಕೆಡಿಸಬಲ್ಲದೆಂದು 1974ರಲ್ಲಿ ಮೊಲಿನಾ ಮತ್ತು ರೋಲ್ಯಾಂಡ್ ಬರೆದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲಿನ ರಂಧ್ರದ ವರದಿ ಬಂತು, 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ ಅದಕ್ಕೆ ಸೇರಿದ್ದು 1992ರಲ್ಲಿ. ಹೊಸ ಉಪಕರಣಗಳಲ್ಲಿ ಈ ಗ್ಯಾಸುಗಳಿಗೆ ನಿಷೇಧ 2003ರಿಂದ. ಬದಲಿಗೆ ಬಂದದ್ದು ಆರ್-134ಎ. ಅದರಲ್ಲಿ ಕ್ಲೋರೀನಿಲ್ಲ, ಹಾಗಾಗಿ ಹಸಿರು ಜ್ವಾಲೆಯ ದೀಪ ಮೂಲೆ ಸೇರಿತು. ಕಂಪ್ರೆಸರಿಗೆ ಹಾಕುತ್ತಿದ್ದ ಹಳೆಯ ಖನಿಜ ತೈಲದೊಂದಿಗೆ ಅದು ಬೆರೆಯದು. 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರ್-12 ಸುಮಾರು 15 ಬಾರ್ ಒತ್ತಡದಲ್ಲಿ ದ್ರವವಾದರೆ ಇದಕ್ಕೆ 17 ಬಾರ್ ಹತ್ತಿರ ಬೇಕು. ಹಳೆ ಗಾಡಿಗೆ ಗ್ಯಾಸನ್ನಷ್ಟೇ ಬದಲಿಸಿದವರಿಗೆ ಸಿಗ್ನಲ್ಲಿನಲ್ಲಿ ನಿಂತಾಗ ತಂಪು ಸಾಲದಾದದ್ದು ಹೀಗೆ.

ಉತ್ತರವಾಗಿ ಹರಡಿದ್ದು ಅಲ್ಯೂಮಿನಿಯಂನ ಹೊಸ ಕಂಡೆನ್ಸರ್: ಎರಡು ಕಡೆ ನಿಂತ ಕೊಳವೆಗಳ ನಡುವೆ ಸಾಲುಸಾಲು ಚಪ್ಪಟೆ ಪಟ್ಟಿ, ಪ್ರತಿ ಪಟ್ಟಿಯೊಳಗೆ ಮಿಲಿಮೀಟರ್ ಆಸುಪಾಸಿನ ಹಲವು ಕಿಂಡಿ. ತೂಕ ಇಳಿಯಿತು, ಶಾಖ ಬಿಡುವ ಶಕ್ತಿ ಏರಿತು, ದುರಸ್ತಿ ಹೆಚ್ಚುಕಡಿಮೆ ಮುಗಿಯಿತು. ಕಂಪ್ರೆಸರ್ ಜಾಮಾಗಿ ಲೋಹದ ಪುಡಿ ಆ ಕಿಂಡಿಗಳಿಗೆ ನುಗ್ಗಿದರೆ ಎಷ್ಟು ಫ್ಲಶ್ ಮಾಡಿದರೂ ಪೂರ್ತಿ ಬರುವುದಿಲ್ಲ. ಇಂಥ ತೆಳು ಗೋಡೆಗೆ ಹಾಕಿದ ಬೆಸುಗೆಯನ್ನು ನಂಬುವುದೂ ಕಷ್ಟ. ಗ್ಯಾಸಿನ ತೇವ ಹೀರುವ ಡ್ರೈಯರನ್ನೂ ಕಂಡೆನ್ಸರಿನ ಪಕ್ಕಕ್ಕೇ ಅಂಟಿಸಿದ ಮೇಲೆ ಬಿಚ್ಚಿ ಬೇರೆ ಹಾಕುವುದೇ ಸುಲಭವಾಯಿತು.

ಮೆಕ್ಯಾನಿಕ್‌ಗೆ ಉಳಿದದ್ದು ಕ್ರಮ. ಗ್ಯಾಸನ್ನು ಮಷಿನ್ನಿಗೆ ಎಳೆದುಕೊಂಡು, ಬಂಪರ್ ಬಿಚ್ಚಿ, ಹೊಸ ಕಂಡೆನ್ಸರ್ ಕೂರಿಸಿ, ಓ-ರಿಂಗುಗಳನ್ನು ಎಣ್ಣೆ ಸವರಿ ಬದಲಿಸಬೇಕು. ಹಳೆಯದರಲ್ಲಿ ಉಳಿದಷ್ಟು ಎಣ್ಣೆಯನ್ನು ಹೊಸದಕ್ಕೆ ತುಂಬಬೇಕು. ಆಮೇಲೆ ವ್ಯಾಕ್ಯೂಮ್ ಹಿಡಿದು ಗೇಜಿನ ಮುಳ್ಳು ಅಲ್ಲೇ ನಿಲ್ಲುವುದೇ ನೋಡಿ, ಕಂಪನಿ ಹೇಳಿದಷ್ಟು ಗ್ರಾಂ ತೂಗಿ ಗ್ಯಾಸು ತುಂಬುವುದು. ಕೈಯಂದಾಜಿಗೆ ಇಲ್ಲಿ ಜಾಗವಿಲ್ಲ. ಹೆಚ್ಚಾದರೂ ತಂಪು ಕೆಡುತ್ತದೆ. ಮಾಲೀಕರ ಪಾಲಿಗಿರುವುದು ಫಿನ್ನುಗಳ ನಡುವಿನ ಮಣ್ಣನ್ನು ಮೆಲ್ಲನೆಯ ನೀರಿನಲ್ಲಿ ತೊಳೆಸುವುದು. ಪ್ರೆಷರ್ ವಾಷಿನ ಹೊಡೆತಕ್ಕೆ ಫಿನ್ನು ಮಲಗಿದರೆ ಗಾಳಿಯ ದಾರಿಯೇ ಮುಚ್ಚುತ್ತದೆ.

ಓಜೋನಿಗೆ ನಿರಪಾಯವಾದ ಆರ್-134ಎ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಪಟ್ಟಿಗೂ ಮೀರಿದ್ದು. ಯುರೋಪಿನಲ್ಲಿ 2017ರಿಂದ ಹೊಸ ಕಾರುಗಳಿಗೆ ಅದನ್ನು ತುಂಬುವಂತಿಲ್ಲ. ಇಂಥ ಗ್ಯಾಸುಗಳನ್ನು ತಗ್ಗಿಸಲು ಮಾಂಟ್ರಿಯಲ್ ಒಪ್ಪಂದಕ್ಕೆ ತಂದ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿತು. ಬದಲಿಗೆ ಬಂದ ಆರ್-1234ವೈಎಫ್ ಮೆಲ್ಲಗೆ ಉರಿಯಬಲ್ಲ ಗ್ಯಾಸು. ಅದಕ್ಕೆ ಬೇರೆಯೇ ಮಷಿನ್, ಬೇರೆಯೇ ಕಪ್ಲಿಂಗ್ ಬೇಕು.