ಬಾಕ್ (ಬೇಸ್‌ಬಾಲ್ ನಿಯಮ)

ಬಾಕ್: ಬೇಸ್‌ಬಾಲ್ ಆಟದಲ್ಲಿ ಬೇಸ್ ಮೇಲೆ ಓಟಗಾರನಿರುವಾಗ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವವ) ಎಸಗುವ ನಿಯಮಬಾಹಿರ ಚಲನೆ. ಅಂಪೈರ್ ಬಾಕ್ ಸಾರಿದರೆ ಸಾಮಾನ್ಯವಾಗಿ ಎಲ್ಲ ಓಟಗಾರರೂ ಒಂದೊಂದು ಬೇಸ್ ಮುಂದಕ್ಕೆ ಹೋಗುತ್ತಾರೆ. ಮೂರನೆಯ ಬೇಸಿನಲ್ಲಿದ್ದವನು ರನ್ ಗಳಿಸುತ್ತಾನೆ.

ಪಿಚರ್ ಓಟಗಾರನನ್ನು ವಂಚಿಸಿ ಔಟ್ ಮಾಡಬಾರದೆಂಬುದೇ ನಿಯಮದ ಆಶಯ. ಪಿಚರನ ಪಿವಟ್ ಪಾದ (ಪಿಚ್ ಮಾಡುವಾಗ ಊರುವ ಪಾದ) ಎಸೆಯುವ ಜಾಗದ ರಬ್ಬರ್ ಪಟ್ಟಿಗೆ ತಾಗಿರುವವರೆಗೆ ಅವನ ಮೇಲೆ ಕಟ್ಟುಪಾಡುಗಳಿರುತ್ತವೆ. ಸೆಟ್ ಭಂಗಿಯಲ್ಲಿ ಎರಡೂ ಕೈಗಳನ್ನು ಮೈಮುಂದೆ ಜೋಡಿಸಿ, ಪೂರ್ತಿ ನಿಂತ ಬಳಿಕವೇ ಪಿಚ್ ಮಾಡಬೇಕು. ಪಿಚ್ ಮಾಡಲು ಕೈಯೆತ್ತಿದ ಮೇಲೆ ತಡೆಹಿಡಿಯುವಂತಿಲ್ಲ. ಬೇಸಿಗೆ ಎಸೆಯುವ ಮುನ್ನ ನೇರ ಅದರತ್ತಲೇ ಹೆಜ್ಜೆಯಿಡಬೇಕು. ಮೊದಲನೆಯ ಬೇಸಿಗೆ ಎಸೆಯುವಂತೆ ನಟಿಸಿ ಚೆಂಡು ಬಿಡದಿದ್ದರೆ ಬಾಕ್. ಎರಡನೆಯ ಬೇಸಿನತ್ತ ಹಾಗೆ ನಟಿಸಲು ಅಡ್ಡಿಯಿಲ್ಲ. ಪಾದವನ್ನು ರಬ್ಬರಿನಿಂದ ಹಿಂದಕ್ಕೆ ತೆಗೆದರೆ ಪಿಚರನೂ ಇತರ ಫೀಲ್ಡರುಗಳಲ್ಲಿ ಒಬ್ಬನಾಗುತ್ತಾನೆ. ಆಗ ಹುಸಿ ಎಸೆತಕ್ಕೂ ತಡೆಯಿಲ್ಲ.

ಚರಿತ್ರೆ: ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ 1845ರಲ್ಲಿ ರಚಿಸಿದ ನಿಯಮಗಳಲ್ಲೇ ಬಾಕ್ ಕಾಣಿಸುತ್ತದೆ: ಪಿಚರ್ ಬಾಕ್ ಮಾಡಿದರೆ, ಓಟಗಾರ ಒಂದು ಬೇಸ್ ದಾಟುವಾಗ ಅವನನ್ನು ಔಟ್ ಮಾಡುವಂತಿಲ್ಲ. 20ನೆಯ ಶತಮಾನದ ದೊಡ್ಡ ತಗಾದೆಯೆಂದರೆ ‘ಪೂರ್ತಿ ನಿಲ್ಲುವುದು’ ಎಷ್ಟು ಹೊತ್ತು ಎಂಬುದು. 1963ರಲ್ಲಿ ನ್ಯಾಷನಲ್ ಲೀಗ್ ಒಂದು ಸೆಕೆಂಡಿನ ನಿಲುಗಡೆಯನ್ನು ಬಿಗಿಯಾಗಿ ಜಾರಿಗೊಳಿಸಿತು. ಮೇ 4ರ ಒಂದೇ ಪಂದ್ಯದಲ್ಲಿ ಮಿಲ್ವಾಕಿ ಬ್ರೇವ್ಸ್ ತಂಡದ ಬಾಬ್ ಶಾ ಐದು ಬಾಕ್ ಮಾಡಿದ. ನಿಲುಗಡೆ ‘ಕಣ್ಣಿಗೆ ಕಾಣುವಂತಿರಬೇಕು’ ಎಂದು 1988ರಲ್ಲಿ ತಿದ್ದಿದಾಗ, ಹಿಂದಿನ ವರ್ಷ 356 ಇದ್ದ ಬಾಕ್‌ಗಳು 924ಕ್ಕೆ ಏರಿದವು. ಓಕ್‌ಲ್ಯಾಂಡ್ ಅಥ್ಲೆಟಿಕ್ಸ್‌ನ ಡೇವ್ ಸ್ಟೂವರ್ಟ್ ಒಬ್ಬನದೇ 16. ಮರುವರ್ಷವೇ ಆ ತಿದ್ದುಪಡಿ ಹಿಂದೆ ಸರಿಯಿತು.

ಬಾಕ್ ಆಗಲು ವಂಚಿಸುವ ಉದ್ದೇಶವೇ ಇರಬೇಕೆಂದಿಲ್ಲ. 1961ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿ ನಡೆದ ಆಲ್-ಸ್ಟಾರ್ ಪಂದ್ಯದಲ್ಲಿ ಬಿರುಗಾಳಿಗೆ ಮೈ ತೂರಾಡಿದ್ದಕ್ಕೇ ಸ್ಟೂ ಮಿಲ್ಲರ್ ಮೇಲೆ ಬಾಕ್ ಬಿತ್ತು.

ಮೂರನೆಯ ಬೇಸಿನತ್ತ ನಟಿಸಿ ಮೊದಲನೆಯದಕ್ಕೆ ಎಸೆಯುವ ಹಳೆಯ ತಂತ್ರ ಮೇಜರ್ ಲೀಗ್‌ನಲ್ಲಿ 2013ರಿಂದ ಬಾಕ್ ಎನಿಸಿತು. 2023ರಿಂದ ಒಬ್ಬ ಬ್ಯಾಟರ್ ಆಡುವಾಗ ಪಿಚರ್ ರಬ್ಬರ್ ಬಿಡುವುದಕ್ಕೂ ಬೇಸಿಗೆ ಎಸೆಯುವುದಕ್ಕೂ ಸೇರಿ ಎರಡೇ ಅವಕಾಶ; ಓಟಗಾರ ಮುಂದಿನ ಬೇಸಿಗೆ ಹೋದರೆ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಮೂರನೆಯ ಯತ್ನದಲ್ಲಿ ಯಾರೂ ಔಟಾಗದಿದ್ದರೆ ಅದು ಬಾಕ್. ಬೇಸ್‌ಗಳ ಗಾತ್ರವೂ ಹೆಚ್ಚಿದ ಆ ವರ್ಷ, ಓಟಗಾರರು ಕದ್ದ ಬೇಸ್‌ಗಳು (ಬ್ಯಾಟಿನ ಹೊಡೆತವಿಲ್ಲದೆ ಓಡಿ ಗಿಟ್ಟಿಸಿದವು) 2,486ರಿಂದ 3,503ಕ್ಕೆ ಏರಿದವು.